ಕಣ್ಣಿಗೆ ಟವೆಲ್ಲು, ಕಿವಿಗೆ ಪರೀಕ್ಷೆ

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು. ಅಕ್ಷರಕ್ಕೆ ಅಕ್ಷರ ಕೂಡಿಸಿ ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ನನ್ನನ್ನು ತಿದ್ದುವುದೆಂದರೆ ಅವಳಿಗೆ ಹೋಳಿಗೆ ಊಟ.

ಕಳೆದ ದೀಪಾವಳಿಗೆ ದುರ್ಗದಲ್ಲಿರುವ ಮಗನ ಮನೆಗೆ ಹೋಗಿದ್ದಾಗ ನನ್ನ ಕಿವಿಯ ಮಾನ ಹೋಯಿತು. ಬೆಳಿಗ್ಗೆ ಬೀದಿಯಲ್ಲಿ ಹಾಡು ಕೇಳಿ, ಯಾರ ಮನೆ ಮದುವೆ ಎಂದು ವಿಚಾರಿಸಿದೆ. ಅದು ಕಸದ ಗಾಡಿಯಂತೆ. ಬಟ್ಟೆ ಒಗೆಯುವ ಮಷೀನು ಕೆಲಸ ಮುಗಿಸಿ ಕುಂಯ್‌ಗುಟ್ಟಿದಾಗ, ಫೋನು ಬಂತೆಂದು ಜೇಬು ತಡಕಿದೆ. ಎಂಟು ವರ್ಷದ ಮೊಮ್ಮಗಳು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು. ನಮ್ಮೂರಿಗೆ ಬಾ, ಕಿವಿ ಅಂದರೆ ಏನೆಂದು ತೋರಿಸುತ್ತೇನೆ ಎಂದು ನಾನೂ ಹೇಳಿ ಬಂದೆ.

ಬೇಸಿಗೆ ರಜಕ್ಕೆ ಬಂದಳು. ಬಬ್ಬೂರಿನ ಹತ್ತಿರ ನಮ್ಮೂರು. ಒಂದು ವಾರ ಹೇಗೆ ಹೋಯಿತೋ ತಿಳಿಯಲಿಲ್ಲ. ಭಾನುವಾರ ಮಧ್ಯಾಹ್ನ ಅವಳನ್ನು ಕರೆದೊಯ್ಯಲು ಮಗ ಬೈಕಿನಲ್ಲಿ ಬಂದ. ಶಾಲೆ ತೆಗೆಯಲು ಇನ್ನೂ ಇಪ್ಪತ್ತು ದಿನ ಇತ್ತು. ಇನ್ನಷ್ಟು ದಿನ ಇರು ಎಂದರೆ ಅವಳು ಪಂದ್ಯ ಕಟ್ಟಿದಳು. ನಾನು ಕಣ್ಣು ಕಟ್ಟಿಕೊಂಡು ಹತ್ತು ಸದ್ದು ಹೇಳಬೇಕು. ಎಲ್ಲ ಸರಿಯಾದರೆ ಉಳಿಯುತ್ತಾಳೆ, ಒಂದು ತಪ್ಪಿದರೂ ಅವತ್ತೇ ಬೈಕು ಹತ್ತುತ್ತಾಳೆ.

ಶೇಂಗಾ ಬೀಜ ಆರಿಸುತ್ತಿದ್ದ ನನ್ನ ಹೆಂಡತಿ ಮೊರದಿಂದ ತಲೆ ಎತ್ತಲಿಲ್ಲ. "ಒಪ್ಕಾಬ್ಯಾಡ್ರಿ. ನಾನು ಕರೆದ್ರೆ ಕೇಳದ ಕಿವಿ ಅದು."

ನಾನು ಒಪ್ಪಿ ಜಗಲಿಯ ಮೇಲೆ ಕೂತೆ. ಮೊಮ್ಮಗಳು ನನ್ನ ಟವೆಲ್ಲನ್ನೇ ಕಣ್ಣಿಗೆ ಬಿಗಿದಳು. ರಸ್ತೆಯಲ್ಲಿ ಟ್ರಾಕ್ಟರು ಹೋಯಿತು, ಟ್ರೈಲರು ಖಾಲಿ ಎಂದೆ. ತೊಟ್ಟಿಗೆ ನೀರು ಬೀಳುತ್ತಿತ್ತು, ಅರ್ಧ ತುಂಬಿದೆ ಎಂದೆ. ಬಾಗಿಲ ಹತ್ತಿರ ಬಳೆ ಸದ್ದಾಯಿತು, ನಿಮ್ಮಜ್ಜಿಗೆ ಸಿಟ್ಟು ಬಂದಿದೆ ಎಂದೆ. ಮಗ ನಕ್ಕ. ಹೀಗೇ ಒಂಬತ್ತು ಗೆದ್ದೆ. ಒಳಗೊಳಗೇ ಇಪ್ಪತ್ತು ದಿನದ ಅಡುಗೆ ಯೋಚಿಸತೊಡಗಿದ್ದೆ.

ಅಷ್ಟರಲ್ಲಿ ಸಂಜೆಯಾಗಿ ನನ್ನ ತಮ್ಮ ಕುರಿ ಹೊಡೆದುಕೊಂಡು ಬಂದ. ಎಳೆಮರಿಗಳನ್ನು ನಾವು ಹಗಲೆಲ್ಲ ಮನೆ ಹತ್ತಿರದ ಗೂಡಿನಲ್ಲೇ ಬಿಟ್ಟಿರುತ್ತೇವೆ. ತಾಯಂದಿರು ಮೇದು ಬಂದಾಗ ಬಾಗಿಲು ತೆಗೆದರೆ ಸಾಕು, ಮರಿ ಕೂಗುತ್ತದೆ, ತಾಯಿ ಓಗೊಡುತ್ತದೆ, ದನಿ ಹಿಡಿದೇ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಕಿವಿ ಕಿತ್ತುಹೋಗುವಷ್ಟು ಗದ್ದಲ. ಆಮೇಲೆ ಮೊಲೆ ಚೀಪುವ ಸದ್ದು ಬಿಟ್ಟರೆ ಏನೂ ಇಲ್ಲ.

ಅವತ್ತು ಗದ್ದಲ ಅಡಗಿದ ಮೇಲೂ ಒಂದು ಮರಿ ಕೂಗುತ್ತಲೇ ಇತ್ತು. ನಾನು ಪಂದ್ಯವನ್ನೇ ಮರೆತೆ. ಕರಿ ಕುರಿಯ ಮರಿ ಎಲ್ಲೋ ಸಿಕ್ಕಿಕೊಂಡಿದೆ ಎನ್ನುತ್ತ, ಟವೆಲ್ಲು ಕಟ್ಟಿಕೊಂಡೇ ಗೋಡೆ ಹಿಡಿದು ನಡೆದೆ.

"ಯಾಕಪ್ಪ, ನಿಮ್ಮವ್ವ ಸಿಗ್ಲಿಲ್ವಾ?" ಎಂದು ಬಗ್ಗಿ ತಲೆ ಸವರಿದೆ. ಕೈಗೆ ಎರಡು ಜಡೆ ಸಿಕ್ಕಿದವು.

ಟವೆಲ್ಲು ಕಿತ್ತು ನೋಡಿದರೆ ಮೊಮ್ಮಗಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಒಂದು ವಾರವಿಡೀ ಗೂಡಿನ ಮುಂದೆ ಕೂತು ಆ ಮರಿಯ ದನಿ ಕಲಿತಿದ್ದಳಂತೆ. ಮಗ ಬ್ಯಾಗು ತರಲು ಎದ್ದ. ನನ್ನ ಮುಖ ಹೇಗಿತ್ತೋ, ಹೆಂಡತಿ ಮೊರ ಕೆಳಗಿಟ್ಟಳು.

ಅಷ್ಟೊತ್ತಿಗೆ ಕರಿ ಕುರಿ ಓಡಿ ಬಂತು. ಅದರ ಸ್ವಂತ ಮರಿ ಹಿಂದೆಯೇ ಬರುತ್ತಿದ್ದರೂ ಲೆಕ್ಕಿಸದೆ ಇವಳ ಫ್ರಾಕಿಗೆ ಮೂತಿ ಒತ್ತಿ ಮೂಸಿ ನೋಡಿತು. ಮೊಮ್ಮಗಳು ಅದರ ಕೊರಳು ತಬ್ಬಿಕೊಂಡು ಸ್ವಲ್ಪ ಯೋಚಿಸಿದಳು.

"ತಾತ, ನೀನೂ ಸೋತೆ, ಕುರಿನೂ ಸೋತೈತೆ. ಶಾಲೆ ತೆಗೆಯಾವರ್ಗೂ ಇದ್ದು ಇಬ್ರಿಗೂ ಕಲಿಸ್ಬೇಕು."

ಮಗನ ಬೈಕು ಊರು ದಾಟಿ ಟಾರು ರಸ್ತೆ ಹತ್ತುವವರೆಗೂ ಕಿವಿಗೊಟ್ಟು ಕೂತಿದ್ದೆ. ಹಿಂದಿನ ಸೀಟು ಖಾಲಿ ಇರುವ ಬೈಕಿನ ಸದ್ದು ಅಷ್ಟು ಚೆನ್ನಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.