ಕದ್ದು ಕೇಳುವ ಫೋನಿಗೆ ನರಸಿಂಹಪ್ಪ ಹಾಕಿದ ಮೇವು

ನರಸಿಂಹಪ್ಪನ ತಾತ ಕೋನಪ್ಪ. ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಚಳವಳಿಯವರ ಮೇಲೆ ಗುಂಡು ಹಾರಿದ ದಿನ, ಕಾಲಿಗೆ ಏಟು ತಿಂದಿದ್ದ ಒಬ್ಬನನ್ನು ಗಾಡಿಯ ಹುಲ್ಲಿನಡಿ ಮಲಗಿಸಿಕೊಂಡು ಮಂಚೇನಹಳ್ಳಿ ದಾಟಿಸಿದವನು. ದಾರಿಯಲ್ಲಿ ಪೊಲೀಸರು ತಡೆದು ಕೆನ್ನೆಗೆ ಬಾರಿಸಿದರೂ 'ಹುಲ್ಲು ಸ್ವಾಮಿ' ಎಂಬ ಎರಡು ಮಾತು ಬಿಟ್ಟು ಮೂರನೆಯದು ಆಡಲಿಲ್ಲ.

ಕೋನಪ್ಪನ ಮಗ ಗಂಗಪ್ಪ, ಚಿಂತಾಮಣಿ ಸಂತೆಯಲ್ಲಿ ನಲವತ್ತು ವರ್ಷ ದನದ ದಲ್ಲಾಳಿ. ದನದ ಬೆಲೆಯನ್ನು ದಲ್ಲಾಳಿ ಬಾಯಲ್ಲಿ ಹೇಳುವುದಿಲ್ಲ. ಎದುರಿಗಿರುವವನ ಕೈ ಹಿಡಿದು, ಮೇಲೆ ಟವಲು ಹೊದಿಸಿ, ಬೆರಳು ಒತ್ತಿ ತಿಳಿಸುತ್ತಾನೆ. ಸುತ್ತ ನೂರು ಜನ ನಿಂತಿದ್ದರೂ ಗೊತ್ತಾಗುವುದು ಇಬ್ಬರಿಗೆ ಮಾತ್ರ. ಅಣ್ಣತಮ್ಮಂದಿರ ವ್ಯಾಜ್ಯವೊಂದರಲ್ಲಿ ಅಮಲ್ದಾರರೇ ಕರೆಸಿ ಎತ್ತಿನ ಬೆಲೆ ಕೇಳಿದಾಗ ಗಂಗಪ್ಪ, "ಟವಲನ್ನ ಕೇಳಿ ಬುದ್ಧಿ" ಎಂದು ಕೈಮುಗಿದು ಎದ್ದುಬಂದ.

ಆ ಟವಲು ನರಸಿಂಹಪ್ಪನ ಹೆಗಲಿಗೆ ಬಂದು ಮೂವತ್ತೈದು ವರ್ಷವಾಯಿತು. ದಿಬ್ಬೂರಹಳ್ಳಿ ಪಕ್ಕದ ನಮ್ಮೂರಿನಲ್ಲಿ ಯಾರ ಮನೆಯ ಗುಟ್ಟಾದರೂ ಅವನ ಕಿವಿಗೆ ಬಿದ್ದರೆ ಬಾವಿಗೆ ಬಿದ್ದ ಹಾಗೆ. ಹೀಗಿರುವಾಗ ಒಂದು ಸರ್ಕಾರಿ ಕಚೇರಿಯವರು ಊರಿನ ಹಿಪ್ಪುನೇರಳೆ ತೋಟಗಳನ್ನು ಕಾರ್ಖಾನೆಗೆ ಬೇಕೆಂದು ಕೇಳಿಕೊಂಡು ಬಂದರು. ತೋಟವಿದ್ದ ಹತ್ತೊಂಬತ್ತು ಮನೆಯವರೂ ಸಹಿ ಹಾಕುವುದಿಲ್ಲ ಎಂದು ಬರೆದುಕೊಟ್ಟು ಒಂದಾದರು. ಒಬ್ಬೊಬ್ಬರ ಅಳುಕನ್ನು ಕೇಳಿ ಧೈರ್ಯ ತುಂಬುವ ಕೆಲಸ ನರಸಿಂಹಪ್ಪನದು. ಜನ ಅವನಿಗೆ ಫೋನು ಮಾಡಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಕೊಂಡರು.

ತಿಂಗಳು ಕಳೆಯುವುದರೊಳಗೆ ಆ ಕಚೇರಿಯ ಅಧಿಕಾರಿ ಮುರಳಿಮೋಹನ್ ಒಬ್ಬೊಬ್ಬರ ಮನೆ ಬಾಗಿಲಿಗೇ ಬಂದ. ಯಾರಿಗೆ ಎಲ್ಲಿ ನೋವಿದೆಯೋ ಸರಿಯಾಗಿ ಅಲ್ಲೇ ಬೆರಳಿಟ್ಟ. ಮುನಿಶಾಮಮ್ಮನ ಮಗಳು ಗಂಡನ ಮನೆ ಬಿಟ್ಟು ಬಂದಿದ್ದಳು. ಊರಿಗೆ ಹೇಳಿದ್ದು ಹುಷಾರಿಲ್ಲ ಎಂದು. "ನಿಮ್ಮ ಅಳಿಯ ಗೊತ್ತಿರೋನೇ, ಸಹಿ ಹಾಕಿ, ವಾಪಸ್ಸು ಕರ್ಕೊಂಡ್ಹೋಗೋ ಹಂಗೆ ಮಾಡ್ತೀನಿ" ಎಂದ. ಅವಳು ಸಹಿ ಹಾಕಿದಳು. ಅವಳ ಹಿಂದೆಯೇ ಇನ್ನೂ ಹನ್ನೊಂದು ಮನೆಯವರು ಹಾಕಿದರು.

ಮರುದಿನ ಹಾಲಿನ ಡೈರಿಯ ಮುಂದೆ ಮುನಿಶಾಮಮ್ಮ ನರಸಿಂಹಪ್ಪನನ್ನು ಹಿಡಿದುಕೊಂಡಳು.

"ನಿನ್ನತ್ರ ಬಿಟ್ರೆ ಇನ್ನೊಂದು ನರಪಿಳ್ಳೆ ಹತ್ರ ಬಾಯಿ ಬಿಟ್ಟಿಲ್ಲ ಕಣೋ! ನನ್ನ ಮಗಳ ಮಾನ ಮಾರ್ಕೊಂಡ್ಯಲ್ಲೋ!"

"ಅಕ್ಕಾ, ನಮ್ಮಪ್ಪನ ಆಣೆಗೂ..."

"ಸತ್ತೋರ ಮೇಲೆ ಯಾಕೋ ಆಣೆ? ಅವ್ನ ಟವಲು ಹೊದ್ಕೊಳೋಕೆ ನಿಂಗೆ ಯೋಗ್ಯತೆ ಐತಾ?"

ಅವನ ಹೆಗಲ ಟವಲು ಎಳೆದು ಚರಂಡಿಗೆ ಎಸೆದಳು. ನಿಂತಿದ್ದವರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ನರಸಿಂಹಪ್ಪ ಬಗ್ಗಿ ಅದನ್ನೆತ್ತಿ, ಹಿಂಡಿ, ಹಾಗೇ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಒಗೆಯಲು ಕೇಳಿದರೆ ಕೊಡಲಿಲ್ಲ. "ನನ್ನ ಬಾಯಿಂದ ಹೋಗಿಲ್ಲ ಅಂದ್ಮೇಲೆ ಯಾವನೋ ಕಿವಿ ಇಟ್ಟವ್ನೆ. ಆ ಕಿವಿ ನನ್ ಕೈಗೆ ಸಿಗಬೇಕು."

ಮಗಳು ಯಶೋಧರಾ ಶಿಡ್ಲಘಟ್ಟದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಸುಮ್ಮನಿಟ್ಟ ಫೋನೂ ರೊಟ್ಟಿ ಹೆಂಚಿನಂತೆ ಬಿಸಿಯಾಗುವುದನ್ನು ಕಂಡು ಅವಳು ಅರ್ಧ ದಿನ ಕೂತು ಜಾಲಾಡಿದಳು. ದನದ ಕಿವಿಯೋಲೆ, ಅಂದರೆ ಕಿವಿಗೆ ಚುಚ್ಚುವ ಹಳದಿ ನಂಬರು ಬಿಲ್ಲೆ, ನೋಂದಣಿಯಾಗಿದೆ, ಒತ್ತಿ ನೋಡಿ ಎಂದು ಎರಡು ತಿಂಗಳ ಹಿಂದೆ ಒಂದು ಸಂದೇಶ ಬಂದಿತ್ತು. ದನದ ವಿಷಯ ಎಂದರೆ ನರಸಿಂಹಪ್ಪ ಬಿಡುತ್ತಾನೆಯೇ? ಒತ್ತಿದ್ದ. ಅಲ್ಲಿಂದಲೇ ಕಳ್ಳ ಹೊಕ್ಕಿದ್ದ.

"ದನಕ್ಕೆ ಹಾಕೋ ಓಲೆ ನಿಂಗೇ ಹಾಕವ್ರೆ ಅಪ್ಪ. ಮಾತಾಡದೆ ಸುಮ್ನಿದ್ರೂ ಇದು ಕೇಳಿಸ್ಕೊತಾ ಇರತ್ತೆ. ಶತ್ರು ದೇಶದೋರು ನಮ್ಮ ಕರೆಂಟು, ರೈಲು, ಬ್ಯಾಂಕು ನಿಲ್ಲಿಸಬಾರದು ಅಂತ, ಅವ್ರ ಮಾತು ಕದ್ದು ಕೇಳೋಕೆ ಸರ್ಕಾರಗಳು ತರಿಸ್ಕೊಳೋ ಅಸ್ತ್ರ ಇದು."

"ನಾನ್ಯಾವ ದೇಶದ ರಾಜನಮ್ಮ? ಎರಡು ಸೀಮೆಹಸು ಕಟ್ಟಿರೋನು!"

"ಈಗ್ಲೇ ಬೆಂಗಳೂರಿಗೆ ತಗೊಂಡ್ಹೋಗಿ ತೋರಿಸ್ತೀನಿ, ಕೊಡು."

"ಎರಡು ದಿನ ತಡ್ಕೊ ತಾಯಿ. ಅದಕ್ಕೆ ಸ್ವಲ್ಪ ಮೇವು ಹಾಕೋದೈತೆ."

ಭಾನುವಾರ ಬೆಳಿಗ್ಗೆ ಫೋನನ್ನು ಮನೆಯಲ್ಲೇ ಬಿಟ್ಟು, ಕೊಳಕು ಟವಲು ಹೊದ್ದು, ಹತ್ತೊಂಬತ್ತು ಮನೆಗೂ ಹೋದ. "ಕೈ ಕೊಡು, ಒಂದೇ ಸಲ" ಎಂದು ಕೇಳಿದ. ಕೆಲವರು ಮುಖ ಮುರಿದರು, ಕೊನೆಗೆ ಕೊಟ್ಟರು. ಟವಲಿನಡಿ ಮೊದಲು ಐದು ಬೆರಳು, ಆಮೇಲೆ ಎರಡು ಒತ್ತಿದ. ಏಳು. "ಜ್ಞಾಪಕ ಇಟ್ಕೊ. ನಾಳೆ ಒಂಬತ್ತಕ್ಕೆ ನಮ್ಮ ತಿಪ್ಪೆ ಹತ್ರ ಬಾ" ಎಂದಷ್ಟೇ ಹೇಳಿದ. ಮುನಿಶಾಮಮ್ಮ ಟವಲಿನ ನಾತಕ್ಕೆ ಮೂಗು ಮುಚ್ಚಿಕೊಂಡೇ ಕೈ ಚಾಚಿದಳು.

ಸಂಜೆ ಕೊಟ್ಟಿಗೆಯಲ್ಲಿ ಫೋನನ್ನು ಹಸುವಿನ ಮುಂದಿನ ಗೋದಲಿಯ ಮೇಲಿಟ್ಟ. ಯಾರಿಗೂ ಕರೆ ಮಾಡಲಿಲ್ಲ. ಪಕ್ಕದಲ್ಲಿ ಒಂದು ನರಪ್ರಾಣಿಯೂ ಇರಲಿಲ್ಲ. ಹಸುವಿನ ಮೈ ತಿಕ್ಕುತ್ತಾ, ಯಾರಿಗೋ ಪಿಸುಗುಟ್ಟುವವನಂತೆ ಹೇಳಿದ: "ಸಹಿ ಹಾಕಲ್ಲ ಅಂತ ಎಲ್ರೂ ಬರ್ಕೊಟ್ಟ ಅಸಲು ಕಾಗದ ತಿಪ್ಪೇಲಿ ಹೂತಿಟ್ಟಿದೀನಿ. ಹುಣಸೆಮರದಿಂದ ಏಳು ಹೆಜ್ಜೆ. ನಾಳೆ ಹತ್ತಕ್ಕೆ ತೆಗೆದು ಚಿಕ್ಕಬಳ್ಳಾಪುರದ ಕೋರ್ಟಿಗೆ ಕಳಿಸ್ಬಿಡ್ತೀನಿ."

ಸೋಮವಾರ ಒಂಬತ್ತೂಕಾಲಿಗೆ ಜೀಪು ಬಂತು. ಮುರಳಿಮೋಹನ್ ಇಬ್ಬರು ಆಳುಗಳ ಜೊತೆ ಇಳಿದ. ಗೋಡೆಯ ಮೇಲೂ ಜಗುಲಿಯ ಮೇಲೂ ಊರೇ ಕೂತಿತ್ತು.

"ಸರ್ವೆ ಕೆಲಸ. ಅಡ್ಡ ಬರಬೇಡಿ" ಎಂದ.

"ಮಾಡಿ ಸ್ವಾಮಿ" ಎಂದು ನರಸಿಂಹಪ್ಪ ಬೀಡಿ ಹಚ್ಚಿದ.

ಆಳು ಹುಣಸೆಮರಕ್ಕೆ ಬೆನ್ನು ಕೊಟ್ಟು ಹೆಜ್ಜೆ ಹಾಕಿದ. ಒಂದು, ಎರಡು, ಮೂರು. ಏಳಕ್ಕೆ ನಿಂತು ಹಾರೆ ಹಾಕಿದ. ಹತ್ತೊಂಬತ್ತು ಮನೆಯವರು ತಂತಮ್ಮ ಅಂಗೈ ನೋಡಿಕೊಂಡರು.

ಮಂಡಿಯಾಳ ಸಗಣಿ ಅಗೆದ ಮೇಲೆ ಒಂದು ಎಣ್ಣೆ ಡಬ್ಬ ಸಿಕ್ಕಿತು. ಆತುರ ತಡೆಯಲಾರದೆ ಮುರಳಿಮೋಹನ್ ಬೂಟಿನ ಸಮೇತ ಇಳಿದು ತಾನೇ ಮುಚ್ಚಳ ತೆಗೆದ. ಒಳಗೆ ದನದ ಕಿವಿಯೋಲೆ ಒಂದೇ ಒಂದಿತ್ತು.

"ನಿಮಗೇ ತಂದಿದ್ದು ಸ್ವಾಮಿ, ಹಾಕ್ಕೊಳಿ. ಅಷ್ಟು ದೊಡ್ಡ ಕಿವಿ ಬರಿದಾಗಿರಬಾರದು" ಎಂದ ನರಸಿಂಹಪ್ಪ. ಆಮೇಲೆ ಊರಿನತ್ತ ತಿರುಗಿದ. "ಏಳು ಅನ್ನೋದನ್ನ ನಿಮ್ಮ ಕೈಗೆ ಒತ್ತಿದ್ದೆ, ಬಾಯಲ್ಲಿ ಹೇಳಿರಲಿಲ್ಲ. ಬಾಯಲ್ಲಿ ಹೇಳಿದ್ದು ಕೊಟ್ಟಿಗೇಲಿ ಸುಮ್ನಿಟ್ಟಿದ್ದ ನನ್ ಫೋನಿನ ಮುಂದೆ ಮಾತ್ರ. ಇವ್ರಿಗೆ ಯಾರು ಹೇಳಿದ್ರು, ಕೇಳಿ!"

ಕೇಳಿದರು. ಜೀಪು ಆವತ್ತು ಮಧ್ಯಾಹ್ನದವರೆಗೆ ಊರು ಬಿಡಲಿಲ್ಲ. ಅಗೆದದ್ದು, ಕೇಳಿದ್ದು, ಮುರಳಿಮೋಹನ್ ತೊದಲಿದ್ದು ಎಲ್ಲವನ್ನೂ ಯಶೋಧರಾ ತನ್ನ ಫೋನಿನಲ್ಲಿ ಹಿಡಿದಿದ್ದಳು. ಊರವರು ಹಾಕಿದ ಕೇಸಿನಲ್ಲಿ ನರಸಿಂಹಪ್ಪನ ಫೋನು ಈಗ ಮೊಹರು ಹಾಕಿಸಿಕೊಂಡು ಪರೀಕ್ಷೆಗೆ ಹೋಗಿದೆ. ಹೆದರಿ ಸಹಿ ಹಾಕಿದವರೆಲ್ಲ ವಾಪಸ್ಸು ಬರೆದುಕೊಟ್ಟಿದ್ದಾರೆ. ಮುರಳಿಮೋಹನ್ ಮಾತ್ರ ತನಗೇನೂ ಗೊತ್ತಿಲ್ಲ ಎಂದೇ ಕೋರ್ಟಿನಲ್ಲಿ ಹೇಳುತ್ತಿದ್ದಾನೆ.

ಮೊನ್ನೆ ನಲ್ಲಿಯ ಹತ್ತಿರ ಮುನಿಶಾಮಮ್ಮ ಸೋಪು ಹಿಡಿದು ಅಡ್ಡ ನಿಂತಳು. ಕಣ್ಣು ತುಂಬಿತ್ತು.

"ಎಸೆದೋಳು ನಾನು. ಕೊಡಪ್ಪ ಟವಲು, ನಾನೇ ಒಗೆದುಕೊಡ್ತೀನಿ."

"ಬೇಡ ಬಿಡಕ್ಕ. ನಿನ್ ಮೇಲೆ ಸಿಟ್ಟಿಲ್ಲ, ಆದ್ರೂ ಕೊಡಲ್ಲ. ತಿಂಗಳಿಗೊಂದ್ಸಲ ಕೋರ್ಟಲ್ಲಿ ಅವನ ಪಕ್ಕಾನೇ ಹೋಗಿ ಕೂತ್ಕೊತೀನಿ, ಈ ನಾತ ಕುಡೀಲಿ ಅವನು. ಕದ್ದು ಕೇಳ್ದೆ ಅಂತ ಜಡ್ಜ್ ಮುಂದೆ ಅವನ ಬಾಯಿಂದ್ಲೇ ಬರಬೇಕು. ಆವತ್ತು ಒಗೀತೀನಿ. ಅದೂ ನನ್ ಕೈಯಾರೆ."