ಸೀರಿಯಲ್ಲು ಕೆಟ್ಟುಹೋಯಿತೆಂದು ಅತ್ತೆ

ತಮಿಳು ಸೀಮೆಯ ಕಾಮಯಗೌಂಡನ್‌ಪಟ್ಟಿಯ ನನ್ನ ಸೋದರತ್ತೆಗೂ ಅವಳ ಪಕ್ಕದ ಮನೆಯ ಚಿಕ್ಕಪ್ಪನಿಗೂ ಬಹಳ ವರ್ಷಗಳಿಂದ ಒಂದೇ ಜಗಳ. ಸಂಜೆ ಏಳಕ್ಕೆ ಟಿವಿಯಲ್ಲಿ ಬರುವ ತಮಿಳು ಸೀರಿಯಲ್ಲು ಕೆಟ್ಟಿದೆಯೋ ಇಲ್ಲವೋ ಎಂದು.

ಅದರಲ್ಲಿ ಬೆಟ್ಟದ ಮೇಲೊಂದು ಏಲಕ್ಕಿ ಎಸ್ಟೇಟಿನ ಬಂಗಲೆ. ಮಂಜು ಮುಸುಕಿದ ಒಂದು ಮುಂಜಾನೆ ಆ ಮನೆಯ ಹಿರಿಸೊಸೆ ಕಾಣೆಯಾಗುತ್ತಾಳೆ. ಅವಳು ಎಲ್ಲಿಗೆ ಹೋದಳು ಎಂಬುದೇ ಕಥೆ. ಎಂಟು ವರ್ಷವಾದರೂ ಅವಳು ಸಿಕ್ಕಿರಲಿಲ್ಲ. ನಡುವೆ ಅವಳನ್ನೇ ಹೋಲುವ ಇನ್ನೊಬ್ಬಳು ಬಂದಳು. ಅವಳ ಮಾವನಿಗೆ ನೆನಪು ಹೋಯಿತು, ಮತ್ತೆ ಬಂತು. ಇನ್‌ಸ್ಪೆಕ್ಟರ್ ಪಾತ್ರದ ನಟನೇ ಬದಲಾದ. ನನ್ನ ಅತ್ತೆಯ ಪ್ರಕಾರ ಕೇಡು ಶುರುವಾದದ್ದು ಅಲ್ಲಿಂದ.

“ಮೊದ್ಲು ಒಂದು ಒದ್ದೆ ಚಪ್ಪಲಿ ತೋರ್ಸಿದ್ರೆ ಅದ್ಕೊಂದು ಅರ್ಥ ಇತ್ತು ತಂಬಿ. ಈಗ ಏನದೆ? ಒಬ್ಬರ ಮೊಕ ಒಬ್ಬರು ನೋಡ್ತಾರೆ, ಢಂ ಢಂ ಅಂತದೆ, ಮುಗೀತು.”

“ಪೊರುಮೆ ಬೇಕಕ್ಕಾ, ತಾಳ್ಮೆ ಬೇಕು. ಎಲ್ಲಾನೂ ಕಟ್ಟಿ ಇಟ್ಟವ್ರೆ. ಒಂದಿನ ಬಿಚ್ತಾರೆ, ನೋಡು,” ಎನ್ನುವರು ಚಿಕ್ಕಪ್ಪ.

ಚಿಕ್ಕಪ್ಪ ನಮ್ಮ ಕಡೆಯ ತರಕಾರಿಯನ್ನು ಒಡ್ಡನ್‌ಛತ್ರದ ಮಂಡಿಗೆ ಲಾರಿಯಲ್ಲಿ ಸಾಗಿಸುವವರು. ಊರಲ್ಲಿದ್ದರೆ ಅತ್ತೆಯ ಮನೆಯಲ್ಲೇ ಕೂತು ನೋಡುವರು, ಇಲ್ಲದಿದ್ದರೆ ಫೋನಿನಲ್ಲಿ. ಮರುದಿನ ಬಂದು ವಾದ ಮುಂದುವರಿಸುವರು. ಅತ್ತೆಯ ಗಂಡ, ನನ್ನ ಮಾವ, ಇಬ್ಬರ ನಡುವೆ ಕೂತು ಕಡಲೆಕಾಯಿ ಸುಲಿಯುತ್ತ ಒಂದು ಮಾತೂ ಆಡುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆ ರಜೆಗೆ ಸ್ವಲ್ಪ ಮೊದಲು ಅತ್ತೆಯ ದೂರು ಹೊಸ ದಾರಿ ಹಿಡಿಯಿತು. ಕಥೆ ಇರಲಿ, ಈಗ ಚಿತ್ರವನ್ನೂ ಕೆಡಿಸಿದ್ದಾರೆ ಎಂದಳು. ಬಂಗಲೆಯ ಮೆಟ್ಟಿಲಿರುವ ಮೂಲೆಯನ್ನು ನಾಲ್ಕು ದಿನದಿಂದ ಕತ್ತಲಲ್ಲೇ ಇಟ್ಟಿದ್ದಾರಂತೆ. ಅಲ್ಲಿ ಏನನ್ನೋ ಬಚ್ಚಿಟ್ಟಿರಬೇಕು ಎಂದು ಅವಳ ಊಹೆ.

“ಯಾವ ಕತ್ತಲೆ? ನಂಗೆ ಮೆಟ್ಲು ನೀಟಾಗಿ ಕಾಣ್ತದೆ,” ಎಂದರು ಚಿಕ್ಕಪ್ಪ.

“ನಿಂಗೆ ಅದ್ರಲ್ಲಿ ಯಾವ ತಪ್ಪು ಕಂಡದೆ ಇಲ್ಲೀವರ್ಗೂ?”

ಚಿಕ್ಕಪ್ಪ ನಗಲಿಲ್ಲವಂತೆ. ಟಿವಿಯ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡಿ, “ಅಕ್ಕಾ, ಬಲಗಣ್ಣು ಮುಚ್ಚು,” ಎಂದರು. ಮುಚ್ಚಿದಳು. ಮೆಟ್ಟಿಲು ಮಾತ್ರವಲ್ಲ, ಬಂಗಲೆಯ ಅರ್ಧವೇ ಇರಲಿಲ್ಲ. “ಈಗ ಎಡಗಣ್ಣು.” ಮೆಟ್ಟಿಲುಗಳು ಒಂದೊಂದಾಗಿ ಎದುರಿಗೆ ನಿಂತವು. ಮಾವ ಕೈಯಲ್ಲಿದ್ದ ಕಡಲೆಕಾಯಿ ಕೆಳಗಿಟ್ಟರು.

ಮರುದಿನ ಚಿಕ್ಕಪ್ಪ ಲಾರಿಯನ್ನು ಡ್ರೈವರನಿಗೆ ಒಪ್ಪಿಸಿ, ಮೊದಲ ಬಸ್ಸಿಗೆ ಅತ್ತೆಯನ್ನೂ ಮಾವನನ್ನೂ ಮದುರೆಯ ಕಣ್ಣಾಸ್ಪತ್ರೆಗೆ ಕರೆದೊಯ್ದರು. ಕಣ್ಣಿನ ಒಳಪರದೆ ಗೋಡೆಯಿಂದ ಸುಣ್ಣ ಎದ್ದ ಹಾಗೆ ಎದ್ದುಬಂದಿದೆ, ಇನ್ನೂ ತಡಮಾಡಿದ್ದರೆ ಎಡಗಣ್ಣು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಆಪರೇಷನ್ ಮಾಡಿ, ಪರದೆಯನ್ನು ಒತ್ತಿಹಿಡಿಯಲು ಕಣ್ಣೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟರು. ಎರಡು ವಾರ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು.

ನಾನು ದಿಂಡಿಗಲ್ಲಿನ ಒಂದು ಶಾಲೆಯಲ್ಲಿ ಟೀಚರು. ಬೇಸಿಗೆ ರಜೆ ಶುರುವಾಗಿದ್ದರಿಂದ ಅವಳನ್ನು ನೋಡಿಕೊಳ್ಳಲು ಹೋದೆ. ನೀರಿನ ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬೆಯ ಹಾಗೆ ಮಾವ ಹಳೇ ಸೀರೆಯೊಂದನ್ನು ಸುತ್ತಿಕೊಟ್ಟಿದ್ದರು. ಅದಕ್ಕೆ ಹಣೆಯಿಟ್ಟು ಅತ್ತೆ ಮಂಚದ ಅಂಚಿನಲ್ಲಿ ಬೋರಲು ಮಲಗಿರುತ್ತಿದ್ದಳು. ಅವಳಿಗೆ ಕಾಣುತ್ತಿದ್ದುದು ಕೆಂಪು ಸಿಮೆಂಟಿನ ನೆಲ ಒಂದೇ. ತೋಟದ ಕಡೆಯ ಬಾಗಿಲಿಂದ ಗಾಳಿ ಬಂದಾಗ ದ್ರಾಕ್ಷಿ ಚಪ್ಪರದ ನೆರಳು ಆ ನೆಲದ ಮೇಲೆ ತೂಗಾಡುತ್ತಿತ್ತು.

“ಕಣ್ಣೊಳಗೆ ಕೆರೆ ಇದ್ದಂಗದೆ,” ಎನ್ನುವಳು. “ತಲೆ ಆಡ್ಸಿದ್ರೆ ನೀರೂ ಆಡ್ತದೆ. ನಿನ್ನ ಕಾಲು ಮುಳುಗಿ ಮುಳುಗಿ ಬರ್ತವೆ ಕಣ್ಣು.” ಕಣ್ಣು ಎಂದರೆ ನಾನೇ. ನಮ್ಮಲ್ಲಿ ಮುದ್ದಿಗೆ ಹಾಗೆ ಕರೆಯುತ್ತಾರೆ.

ಮೊದಲ ಸಂಜೆಯೇ ಏಳಕ್ಕೆ ಟಿವಿ ಹಾಕಿಸಿದಳು. ಮಾತು ಅವಳಿಗೆ ಕೇಳುತ್ತದೆ, ಚಿತ್ರವನ್ನು ನಾನು ಹೇಳಬೇಕು, ಅದೂ ನಮ್ಮ ಮನೆಮಾತು ಕನ್ನಡದಲ್ಲಿ. ನನಗೆ ಕನ್ನಡ ಓದಲು ಬರೆಯಲು ಬಂದದ್ದು ಬಹಳ ತಡವಾಗಿ, ಪುಸ್ತಕ ಹಿಡಿದು. ಮನೆಮಾತು ಕೇಳಿದರೆ ತಿಳಿಯುತ್ತಿತ್ತು, ಬಾಯಿಗೆ ಮಾತ್ರ ಬೇಗ ಬರುತ್ತಿರಲಿಲ್ಲ.

“ಏನ್ ಮಾಡ್ತಾವ್ರೆ?”

“ನೋಡ್ತಾವ್ರೆ ಅತ್ತೆ.”

“ಎಂಗೆ ನೋಡ್ತಾವ್ರೆ?”

ಹೇಗೆ ಎಂದು ಹೇಳಬೇಕಾದರೆ ನಾನು ಸರಿಯಾಗಿ ನೋಡಬೇಕಾಯಿತು. ಕಿಟಕಿಯ ಮಂಜು, ಮುದುಕನ ಅಲುಗುವ ಗಂಟಲು, ಆರಿದ ಕಾಫಿ. ಮಾತು ಸಿಗದೆ ನಾನು ತಮಿಳಿಗೆ ಜಾರಿದಾಗಲೆಲ್ಲ ಅವಳು ನೆಲದ ಕಡೆಯಿಂದಲೇ ಆ ಪದವನ್ನು ಎತ್ತಿಕೊಡುವಳು. ಕೆಲವು ನನ್ನ ಅಜ್ಜಿ ಹೋದಮೇಲೆ ನಾನು ಕೇಳಿಯೇ ಇರದವು. ಹೀಗೆ ಹೇಳುತ್ತ ಹೇಳುತ್ತ ನನಗೆ ಅರೆನಿದ್ದೆಯಲ್ಲಿ ಮಾತಾಡಿದಂತೆ ಆಗುತ್ತಿತ್ತು.

ಐದನೆಯ ಸಂಜೆ ನಿಜಕ್ಕೂ ಏನೂ ನಡೆಯಲಿಲ್ಲ. ಅರ್ಧ ಗಂಟೆ ಎಲ್ಲರೂ ಬಂಗಲೆಯ ಹಜಾರದಲ್ಲಿ ನಿಂತೇ ಇದ್ದರು. “ಇಷ್ಟೇನಾ?” ಎಂದು ಅತ್ತೆ ನಿಟ್ಟುಸಿರಿಟ್ಟಳು. ಅವಳ ಬೆನ್ನು, ಆ ಬಿಳಿ ತುರುಬು ನೋಡಿ ನನ್ನ ಬಾಯಿಂದ ತಾನಾಗಿ ಬಂತು: “ಮೆಟ್ಲ ಮೇಲೆ ಒಂದು ಒದ್ದೆ ಹೆಜ್ಜೆ ಅದೆ ಅತ್ತೆ. ಬರೀ ಕಾಲಿಂದು. ಯಾರೂ ನೋಡ್ಲಿಲ್ಲ.”

ಅವಳು ತಕ್ಷಣ ಕೇಳಿದಳು. “ಮೇಲಕ್ಕಾ, ಕೆಳಕ್ಕಾ?”

“ಮೇಲಕ್ಕೆ.”

ಮರುದಿನ ಚಿಕ್ಕಪ್ಪ ಬರುತ್ತಲೇ ಅತ್ತೆ, “ತಂಬಿ, ನಿನ್ ಮಾತೇ ಸರಿ. ಕದೆ ತಿರ್ಗಾ ಚೆನ್ನಾಗಾಯ್ತು. ಆ ಹೆಜ್ಜೆ ನೋಡಿದ್ಯಾ?” ಎಂದಳು. ಚಿಕ್ಕಪ್ಪ ನನ್ನನ್ನೇ ದಿಟ್ಟಿಸಿದರು. ನಾನು ನೆಲ ನೋಡಿದೆ.

“ಆಮಾ ಅಕ್ಕಾ, ಹೌದು,” ಎಂದರು ನಿಧಾನವಾಗಿ, “ನಾನೂ ನೋಡ್ದೆ.”

ಹೊರಗೆ ಚಪ್ಪಲಿ ಮೆಟ್ಟುವಾಗ ನನ್ನ ಕಿವಿಯ ಹತ್ತಿರ, “ಮುಂದೆ ಏನು ಬರ್ತದೆ ಅಂತ ನಂಗೆ ಮೊದ್ಲೇ ಹೇಳ್ಬುಡು ತಾಯಿ, ಇಲ್ಲಾಂದ್ರೆ ಸಿಕ್ಕಾಕೊಂತೀನಿ,” ಎಂದರು.

ಅಂದಿನಿಂದ ಒಡ್ಡನ್‌ಛತ್ರದ ಮಂಡಿಯ ಗದ್ದಲದ ನಡುವಿಂದ ಅವರ ಫೋನು ಬರತೊಡಗಿತು. ಹೆಜ್ಜೆಗೆ ಗೆಜ್ಜೆ ಬೇಡ, ಅದು ಹಳೇದು ಎನ್ನುವರು. ಅಟ್ಟದಲ್ಲಿ ಏಲಕ್ಕಿ ವಾಸನೆ ಬರಲಿ ಎಂಬುದು ಅವರದೇ ಸಲಹೆ. ಅತ್ತೆ ಬೋರಲು ಮಲಗಿ, ಕಣ್ಣೊಳಗಿನ ಕೆರೆಯ ಮೇಲೆ ಆ ಬಂಗಲೆಯನ್ನು ನೋಡುತ್ತಿದ್ದಳು. ಕಾಣೆಯಾದವಳು ಎಲ್ಲಿಗೂ ಹೋಗಿಲ್ಲ, ಅದೇ ಮನೆಯಲ್ಲಿದ್ದಾಳೆ ಎಂದು ನಮಗಿಂತ ಮೊದಲೇ ಅವಳು ಹೇಳಿಬಿಟ್ಟಳು. ನಾನೂ ಚಿಕ್ಕಪ್ಪನೂ ಒಪ್ಪಿದೆವು.

ಎರಡು ವಾರ ಮುಗಿದು ಅವಳು ತಲೆಯೆತ್ತಿ ಕೂತ ಸಂಜೆ ಚಿಕ್ಕಪ್ಪ ಬೇಗನೆ ಬಂದರು. ಸೀರಿಯಲ್ಲು ಶುರುವಾಯಿತು. ಹೆಜ್ಜೆಯಿಲ್ಲ, ಅಟ್ಟವಿಲ್ಲ. ಮುಖಗಳು ಮುಖಗಳನ್ನು ನೋಡಿದವು. ಅತ್ತೆ ಕೊನೆಯವರೆಗೂ ನೋಡಿ, ರಿಮೋಟಿನಿಂದ ಟಿವಿ ಆರಿಸಿದಳು.

“ಎಷ್ಟು ದಿನದಿಂದ?” ಎಂದಳು.

ನಾನು ಹೇಳಿದೆ. ಅವಳ ಕೋಪ ತಿರುಗಿದ್ದು ಚಿಕ್ಕಪ್ಪನ ಕಡೆಗೆ. “ಅವಳು ಹುಡುಗಿ, ಬಿಡು. ನೀನು? ಎಂಟು ವರ್ಷ ನನ್ನ ಒಂದು ಮಾತು ಒಪ್ದೋನಲ್ಲ. ನೀನೂ ಪೊಯ್ ಹೇಳಿದ್ಯಾ?”

ಚಿಕ್ಕಪ್ಪ ತಲೆ ತಗ್ಗಿಸಿದರು. “ಅಕ್ಕಾ, ಸುಳ್ಳು ಅಂದ್ರೆ ಅದೊಂದೇ ಅಲ್ಲ. ಈ ಸೀರಿಯಲ್ಲು ಕೆಟ್ಟು ಬಾಳ ವರ್ಷ ಆತು. ಇನ್‌ಸ್ಪೆಕ್ಟರು ಬದ್ಲಾದಾಗ್ಲೇ ನಂಗೂ ಗೊತ್ತು. ನಾನೂ ಆಮಾ ಅಂದ್ಬುಟ್ರೆ ಟಿವಿ ನಿಂತೋಗ್ತದೆ. ಆಮೇಲೆ ಸಾಯಂಕಾಲ ನಾನು ಎಲ್ಲಿ ಓಗಿ ಕೂರ್ಲಿ?”

ಆಗ ಅದುವರೆಗೂ ಆ ಸೀರಿಯಲ್ಲಿನ ಬಗ್ಗೆ ಬಾಯಿ ತೆರೆಯದ ಮಾವ ಮೆಲ್ಲಗೆ, “ನಿಜ್ವಾಗ್ಲೂ ಈ ಹುಡುಗಿ ಕದೇನೇ ಚೆನ್ನಾಗಿತ್ತು,” ಎಂದರು. ಅವರು ಎಲ್ಲವನ್ನೂ ಕೇಳುತ್ತಿದ್ದರೆಂದು ನಮಗೆ ಗೊತ್ತೇ ಇರಲಿಲ್ಲ. ಅತ್ತೆಗೆ ನಗು ಬಂತು. ಕಣ್ಣು ಒತ್ತಬಾರದೆಂದು ಎರಡು ಕೈಯನ್ನೂ ಮಡಿಲಲ್ಲಿ ಬಿಗಿಹಿಡಿದು ನಕ್ಕಳು.

ಕಣ್ಣೊಳಗಿನ ಗಾಳಿಗುಳ್ಳೆ ದಿನದಿನಕ್ಕೆ ಕುಗ್ಗಿ, ಮೊದಲು ದ್ರಾಕ್ಷಿಯಷ್ಟು, ಆಮೇಲೆ ಸಾಸಿವೆಯಷ್ಟು ಆಯಿತಂತೆ. ಒಂದು ಬೆಳಗ್ಗೆ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿರುವಾಗ ಅದು ಇಲ್ಲವಾಯಿತು. ಎಡಗಣ್ಣಿನಲ್ಲಿ ಗೆರೆಗಳು ಈಗಲೂ ಸ್ವಲ್ಪ ಬಾಗಿ ಕಾಣುತ್ತವೆ, ಆದರೆ ತೋಟದ ದ್ರಾಕ್ಷಿ ಗೊಂಚಲು ಕತ್ತರಿಸಲು ತೊಂದರೆಯಿಲ್ಲ.

ಶಾಲೆ ತೆರೆಯಿತೆಂದು ನಾನು ದಿಂಡಿಗಲ್ಲಿಗೆ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು, ಹಿಂದೆ ಸರಿಯುವ ಬೆಟ್ಟಸಾಲನ್ನು ನೋಡುತ್ತ, ಕಂಡದ್ದನ್ನೆಲ್ಲ ಮನೆಮಾತಿನಲ್ಲಿ ಯಾರಿಗೋ ಹೇಳುತ್ತಲೇ ಹೋಗುತ್ತಿದ್ದೇನೆಂದು ಬಹಳ ದೂರದವರೆಗೆ ನನಗೆ ಅರಿವಾಗಲಿಲ್ಲ.