ಹನ್ನೆರಡು ನಿಮಿಷ ಮುಂದಿದ್ದ ಗಡಿಯಾರ

ಕೋವಿಡ್ ಅಬ್ಬರ ಇಳಿದ ಮರುವರ್ಷ. ನಾನು ನವಿ ಮುಂಬಯಿಯ ಮಹಾಪೆಯ ಒಂದು ಫೊರೆನ್ಸಿಕ್ ಪ್ರಯೋಗಾಲಯದ ಡಿಜಿಟಲ್ ವಿಭಾಗದಲ್ಲಿ ಹಿರಿಯ ಪರೀಕ್ಷಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ. ನನ್ನ ವರದಿಯಲ್ಲಿ ಯಾವ ವಕೀಲನೂ ಬೆರಳಿಡಲಾರ ಎಂಬ ಜಂಬವಿತ್ತು. ಅದನ್ನು ಇಳಿಸಿದ್ದು ಡೊಂಬಿವ್ಲಿಯ ಒಂದು ಉಡುಪಿ ಹೊಟೇಲಿನ ಗಡಿಯಾರ.

ಆ ಹೊಟೇಲಿನಲ್ಲಿ ದೋಸೆ ಹೊಯ್ಯುತ್ತಿದ್ದವನು ಕುಂದಾಪುರ ಕಡೆಯ ವಾಸು. ಹಿಂದಿನ ಗಲ್ಲಿಯ ಹೌಸಿಂಗ್ ಸೊಸೈಟಿಯ ವಾಚ್‌ಮನ್‌ಗೂ ಅವನಿಗೂ ಕಸದ ಬಕೆಟ್ಟಿನ ವಿಷಯದಲ್ಲಿ ಜಗಳವಾಗಿತ್ತು. ಮರುದಿನ ಬೆಳಿಗ್ಗೆ ಯಾರೋ ವಾಚ್‌ಮನ್ ತಲೆಗೆ ಹೊಡೆದು ಓಡಿದರು. ಮುದುಕ ಬದುಕಿದ, ಆದರೆ ಹೊಡೆದವರ ಮುಖ ಅವನಿಗೆ ನೆನಪಿಲ್ಲ. ಸೊಸೈಟಿಯ ಕ್ಯಾಮೆರಾ ಇಂಟರ್ನೆಟ್ಟಿಗೆ ಜೋಡಿಸಿದ್ದು, ಅದರ ಸಮಯ ಸರಿ. ಅದರಲ್ಲಿ ಪೆಟ್ಟು ಬಿದ್ದದ್ದು 6:08ಕ್ಕೆ, ಹೊಡೆದವನ ಬೆನ್ನು ಮಾತ್ರ ಕಾಣುತ್ತಿತ್ತು. ಹೊಟೇಲಿನ ಕ್ಯಾಮೆರಾ ಪ್ರಕಾರ ವಾಸು ಹಿಂಬಾಗಿಲಿನಿಂದ 6:05ಕ್ಕೆ ಹೊರಗೆ ಹೋಗಿ 6:14ಕ್ಕೆ ಒಳಗೆ ಬಂದಿದ್ದ. ಕಸ ಚೆಲ್ಲಿ ಬೀಡಿ ಸೇದಿ ಬಂದೆ ಎಂದರೆ ಯಾರು ನಂಬುತ್ತಾರೆ? ಅವನು ಜೈಲು ಸೇರಿದ.

ಪೊಲೀಸರು ನಮಗೆ ಕಳಿಸಿದ್ದು ಹೊಟೇಲಿನ ಡಿವಿಆರ್‌ನಿಂದ, ಅಂದರೆ ಕ್ಯಾಮೆರಾದ ಚಿತ್ರ ದಾಖಲಿಸುವ ಪೆಟ್ಟಿಗೆಯಿಂದ, ಬಿಚ್ಚಿದ ಹಾರ್ಡ್ ಡಿಸ್ಕ್ ಮಾತ್ರ. ನಾನು ಪ್ರತಿ ತೆಗೆದು, ಹ್ಯಾಶ್ ವ್ಯಾಲ್ಯೂ ಹೊಂದಿಸಿ, ಪ್ರಮಾಣಪತ್ರಕ್ಕೆ ಸಹಿ ಹಾಕಿದೆ.

ವಿಚಾರಣೆ ಕಲ್ಯಾಣದ ಕೋರ್ಟಿನಲ್ಲಿ. ವಾಸುವಿನ ಹೆಂಡತಿ ಗಿರಿಜಾ ಪ್ರತಿ ತಾರೀಖಿಗೂ ದಿವಾದಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬರುತ್ತಾಳೆ ಎಂದು ಪೇದೆಯೊಬ್ಬ ಹೇಳಿದ. ಅಂದು ನನಗಿಂತ ಮೊದಲು ಸಾಕ್ಷಿ ಕಟ್ಟೆ ಹತ್ತಿದವರು ಹೊಟೇಲಿನ ಮಾಲೀಕ ಶ್ರೀನಿವಾಸ ರಾಯರು. ವಾಚ್‌ಮನ್ ಕೂಗಿದಾಗ ವಾಸು ದೋಸೆ ಕಾವಲಿಯ ಮುಂದೆಯೇ ಇದ್ದ, ಆಗ ಆರು ಇಪ್ಪತ್ತು ಎಂದರು. ಕೂಗು ಕೇಳಿದ್ದು ಆರು ಎಂಟಕ್ಕಲ್ಲವೇ ಎಂದು ಸರಕಾರಿ ವಕೀಲರು ಹಿಡಿದರು. ರಾಯರು ತಬ್ಬಿಬ್ಬಾಗಿ ನ್ಯಾಯಾಧೀಶೆಯ ಕಡೆ ತಿರುಗಿ ಹೇಳಿದರು:

"ವೋ ಹೊಟೇಲ್‌ಕಾ ಟೈಮ್ ಹೈ ಮೇಡಮ್." ಅದು ಹೊಟೇಲಿನ ಟೈಮು.

ಕೋರ್ಟು ನಕ್ಕಿತು. ಆ ಮಾತಿನ ಅರ್ಥ ನನಗೆ ಮಾತ್ರ ಗೊತ್ತಿತ್ತು.

ನಾನು ಬೆಳೆದದ್ದು ಠಾಣೆಯಲ್ಲಿ, ಅಪ್ಪನ ಪುಟ್ಟ ಹೊಟೇಲಿನ ಮಾಳಿಗೆಯಲ್ಲಿ. ಅಲ್ಲಿಯ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ. ಹುಡುಗರು ಬೇಗ ಏಳಬೇಕು, ಗಿರಾಕಿಗೆ ರೈಲುಗಾಡಿ ತಪ್ಪಬಾರದು. ಅದನ್ನು ಯಾರೂ ಸುಳ್ಳು ಎಂದುಕೊಂಡವರಲ್ಲ. ಹಾಗಾಗಿ ಯಾರಿಗೂ ಹೇಳಬೇಕೆಂದೂ ತೋಚುತ್ತಿರಲಿಲ್ಲ.

ನನ್ನ ಸರದಿ ಬಂತು. ನ್ಯಾಯಾಧೀಶೆ ಶಾಂತ ಸ್ವಭಾವದವರು, ಗೊತ್ತಿಲ್ಲದ್ದನ್ನು ಕೇಳಲು ನಾಚದವರು. ಹ್ಯಾಶ್ ಎಂದರೇನು ಎಂದರು. ಲಕೋಟೆಯ ಮೇಲಿನ ಅರಗಿನ ಮುದ್ರೆ ಇದ್ದಂತೆ, ನಾವು ಪಡೆದ ಮೇಲೆ ಯಾರೂ ತೆರೆದು ತಿದ್ದಿಲ್ಲ ಎನ್ನುತ್ತದೆ, ಒಳಗಿನ ಪತ್ರ ನಿಜ ಹೇಳುತ್ತಿದೆಯೇ ಎಂಬುದು ಮುದ್ರೆಗೆ ಗೊತ್ತಿಲ್ಲ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಮಗ ಖರೀ ವೇಳ್ ಕೊಣ್ತೀ?" ಹಾಗಾದರೆ ನಿಜವಾದ ಸಮಯ ಯಾವುದು?

ದಾಖಲೆಯಲ್ಲಿರುವುದೇ ಎಂದು ಹೇಳಿ ಇಳಿಯಬಹುದಿತ್ತು. ಕೊನೆಯ ಬೆಂಚಿನಲ್ಲಿ ಗಿರಿಜಾ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. ನನಗೆ ಗೊತ್ತಿಲ್ಲ ಎಂದೆ. ಡಿವಿಆರ್‌ನ ಗಡಿಯಾರವನ್ನು ನಾನು ನೋಡಿಲ್ಲ, ಯಾರನ್ನೂ ಕೇಳಿಲ್ಲ, ಅದು ನನ್ನ ತಪ್ಪು, ಪೆಟ್ಟಿಗೆಯನ್ನು ತರಿಸಿ ಎಂದೆ. ಸರಕಾರಿ ವಕೀಲರು ನನ್ನನ್ನು ನುಂಗುವಂತೆ ನೋಡಿದರು.

ಮುಂದಿನ ತಾರೀಖಿಗೆ ಪೆಟ್ಟಿಗೆ ಬಂತು. ಕೋರ್ಟಿನಲ್ಲೇ ಪ್ಲಗ್ ಹಾಕಿದೆವು. ನ್ಯಾಯಾಧೀಶೆ ತಮ್ಮ ಮೊಬೈಲನ್ನು ಪರದೆಯ ಪಕ್ಕ ಹಿಡಿದು ನೋಡಿದರು. ಹನ್ನೆರಡು ನಿಮಿಷ ಮುಂದೆ. ಕ್ಯಾಮೆರಾ ಹಾಕಿದ ದಿನ ಗೋಡೆಯ ಗಡಿಯಾರ ನೋಡಿ ರಾಯರೇ ಸಮಯ ಕೊಟ್ಟಿದ್ದರಂತೆ. ಇವತ್ತು ಮುಂದಿದ್ದರೆ ಅಂದೂ ಮುಂದಿತ್ತೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಹಾಲಿನ ಟೆಂಪೋ ಸಿಕ್ಕಿತು. ಅಂದು ಬೆಳಿಗ್ಗೆ ಅದೇ ಟೆಂಪೋ ಸೊಸೈಟಿಯ ಕ್ಯಾಮೆರಾದಲ್ಲಿ 5:47ಕ್ಕೆ, ಹೊಟೇಲಿನದ್ದರಲ್ಲಿ 5:59ಕ್ಕೆ ಹಾದಿತ್ತು. ಅಂದರೆ ವಾಸು ನಿಜವಾಗಿ ಒಳಗೆ ಬಂದದ್ದು 6:02ಕ್ಕೆ. ವಾಚ್‌ಮನ್‌ಗೆ ಪೆಟ್ಟು ಬೀಳುವಾಗ ಅವನು ಕಾವಲಿಗೆ ಹಿಟ್ಟು ಹೊಯ್ಯುತ್ತಿದ್ದ. ತೀರ್ಪಿನಲ್ಲಿ ಅವನಿಗೆ ಬಿಡುಗಡೆಯಾಯಿತು.

ತಿಂಗಳ ನಂತರ ಆ ಹೊಟೇಲಿಗೆ ಹೋದೆ. ಪೆಟ್ಟಿಗೆಯ ಸಮಯ ಸರಿಮಾಡಿಸಿದ್ದರು, ಗೋಡೆಯದ್ದು ಹಾಗೇ ಇತ್ತು. "ಅದನ್ನು ತಿದ್ದಿದ್ರೆ ಗಿರಾಕಿಗಳಿಗೆ ಗಾಡಿ ತಪ್ತದೆ ಮಾರಾಯ್ರೆ," ಎಂದರು ರಾಯರು. ವಾಸು ಒಳಗಿನಿಂದ ದೋಸೆ ಕಳಿಸಿದ. ತಟ್ಟೆ ತಂದದ್ದು ಗಿರಿಜಾ, ಈಗ ಅಲ್ಲೇ ಕೆಲಸಕ್ಕೆ ಸೇರಿದ್ದಳು. ಚಟ್ನಿ ಬಡಿಸಿ, ಸಿಟ್ಟಿಲ್ಲದೆ, ಮನೆಯವರನ್ನು ಕೇಳಿದ ಹಾಗೆ ಕೇಳಿದಳು:

"ಇವ್ರು ಹದಿನಾಲ್ಕು ತಿಂಗ್ಳು ಒಳಗಿದ್ರು ಸಾರ್. ಗಡಿಯಾರ ಸರಿ ಉಂಟಾ ಅಂತ ಮೊದ್ಲೇ ಒಬ್ರು ಕೇಳ್ಬಹುದಿತ್ತಲ್ಲ?"

ನಿವೃತ್ತಿಯಾಗುವವರೆಗೂ ನನ್ನ ಪ್ರತಿ ವರದಿಯ ಮೊದಲ ಸಾಲು ಅವಳ ಆ ಪ್ರಶ್ನೆಗೆ ಉತ್ತರವಾಗಿರುತ್ತಿತ್ತು: ಈ ಯಂತ್ರದ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಮುಂದೆ, ಎಷ್ಟು ಹಿಂದೆ.